ಓದುಗರ ಪ್ರಶ್ನೆ: ಕೇಸ್ ಖುಲಾಸೆ ಆಯ್ತು, ಪರಿಹಾರದ ದುಡ್ಡು ಯಾವಾಗ ಬರುತ್ತೆ?

ಪ್ರಶ್ನೆ: ನಮ್ಮಣ್ಣ ಮಾಡದ ತಪ್ಪಿಗೆ ನಾಲ್ಕು ವರ್ಷ ಪರಪ್ಪನ ಅಗ್ರಹಾರದಲ್ಲಿದ್ದರು. ಈಗ ಕೋರ್ಟು ನಿರ್ದೋಷಿ ಅಂತ ಬಿಟ್ಟಿದೆ. ಸರ್ಕಾರದ ಪರಿಹಾರಕ್ಕೆ ಯಾವ ಫಾರಂ ತುಂಬಬೇಕು?

ಉತ್ತರ: ಅಂಥ ಫಾರಂ ಇಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಇನ್ನೊಂದು ಬಡಾವಣೆಯಿಂದ ಬರುತ್ತದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ, ಕೂತು ಓದಿ.

ಒಳಗಿದ್ದ ಒಂದೊಂದು ದಿನಕ್ಕೂ ಇಷ್ಟು ಅಂತ ಸರ್ಕಾರ ಲೆಕ್ಕ ಹಾಕಿ ಕೊಡುತ್ತೆ ಅನ್ನುವ ಮಾತು ಎಲ್ಲಿ ಹುಟ್ಟಿತೋ ದೇವರೇ ಬಲ್ಲ. ಹಾಗೆ ಕೊಡುವ ಕಾನೂನು ನಮ್ಮ ದೇಶದಲ್ಲಿಲ್ಲ. ಬೇಕು ಅಂತ ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. ವಿನಾಕಾರಣ ಬಂಧನ ಮಾಡಿಸಿದವರಿಂದ ಪರಿಹಾರ ಕೊಡಿಸಲು ಈಗಿನ ಕ್ರಿಮಿನಲ್ ವಿಚಾರಣೆಯ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲಿ 399ನೇ ಸೆಕ್ಷನ್ ಇದೆ, ನಿಜ. ಗರಿಷ್ಠ 1,000 ರೂಪಾಯಿ. ಸೊನ್ನೆ ಬಿಟ್ಟುಹೋಗಿಲ್ಲ, ಸಾವಿರವೇ.

"ನಂಬಿ ನಾರಾಯಣನ್‌ಗೆ 50 ಲಕ್ಷ ಸಿಕ್ತಲ್ವಾ?" ಸಿಕ್ಕಿತು. ಬೇಹುಗಾರಿಕೆಯ ಸುಳ್ಳು ಆರೋಪ ಹೊತ್ತ ಇಸ್ರೋ ವಿಜ್ಞಾನಿ ಅವರು. 1994ರಲ್ಲಿ ಬಂಧನ, ಸುಪ್ರೀಂ ಕೋರ್ಟಿನ ಆದೇಶ 2018ರಲ್ಲಿ. ನಡುವಿನ ವರ್ಷಗಳನ್ನು ನೀವೇ ಎಣಿಸಿ. ಬಿಹಾರದ ರುದುಲ್ ಶಾ ಖುಲಾಸೆಯಾದ ಮೇಲೂ 14 ವರ್ಷ ಜೈಲಲ್ಲೇ ಕೊಳೆತರು. 1983ರಲ್ಲಿ ಅದೇ ಕೋರ್ಟು ಕೊಡಿಸಿದ್ದು 35,000. ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲಿನ ದಾಳಿಯ ಪ್ರಕರಣದಲ್ಲಿ ಬಿಡುಗಡೆಯಾದವರು ಕೇಳಿದಾಗ ಏನೂ ಸಿಗಲಿಲ್ಲ.

ಹತ್ತಿರದ್ದೇ ಬೇಕೆಂದರೆ ಕುಶಾಲನಗರ ಕಡೆಯ ಕೇಸು ನೋಡಿ. ಹೆಂಡತಿಯನ್ನು ಕೊಂದ ಅಂತ ಗಂಡ ಸುಮಾರು ಒಂದೂವರೆ ವರ್ಷ ಜೈಲಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಊಟ ಮಾಡುತ್ತಾ ಕಣ್ಣಿಗೆ ಬಿದ್ದಳು! ಮೈಸೂರಿನ ಕೋರ್ಟು ಕೊಡಿಸಿದ್ದು 1 ಲಕ್ಷ. ಸತ್ತವಳೇ ಎದ್ದು ಬಂದ ಕೇಸಿನ ಕಥೆಯೇ ಹೀಗೆ. ಸಾಕ್ಷಿ ಸಾಲದೆ ಬಿಟ್ಟ ಕೇಸಿಗೆ ತಾನಾಗಿ ಏನೂ ಬರುವುದಿಲ್ಲ. ಪೊಲೀಸರು ಬೇಕಂತಲೇ ಸಿಕ್ಕಿಸಿದರು ಅಂತ ತೋರಿಸಲು ಆಧಾರವಿದ್ದರೆ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕಿಗೆ ಧಕ್ಕೆಯಾಯಿತು ಅಂತ ನೇರವಾಗಿ ಹಾಕುವ ಅರ್ಜಿ, ಹಾಕಬಹುದು. "ವಿಧಾನಸೌಧದಲ್ಲಿ ನಮ್ಮವರಿದ್ದಾರೆ, ಪರಿಹಾರ ಮಾಡಿಸಿಕೊಡ್ತೀನಿ" ಅನ್ನುವವನ ಕೈಗೆ ಮಾತ್ರ ಒಂದು ಪೈಸೆಯೂ ಕೊಡಬೇಡಿ.

ಪರಿಹಾರಕ್ಕೆ ಕಾಯುತ್ತಾ ಮಾಡಬೇಕಾದ ಕೆಲಸ ಬಿಡುತ್ತಾರೆ, ನನಗೆ ಬೇಜಾರಾಗುವುದು ಅದಕ್ಕೆ. ಮೊದಲು ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆಸಿ. ಮನೆ ಓನರ್, ಕೆಲಸ ಕೊಡುವವರು, ಪಾಸ್‌ಪೋರ್ಟ್‌ನವರು, ಎಲ್ಲರೂ ಕೇಳುವುದು ಅದನ್ನೇ. ಅದರ ಕೊನೆಯ ಪುಟ ಓದಿ. ಜಪ್ತಿಯಾದ ಫೋನು, ಗಾಡಿ ಯಾರಿಗೆ ವಾಪಸ್ ಅಂತ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಆಮೇಲೆ ಮೊಬೈಲ್ ನಂಬರ್. ನಾಲ್ಕು ವರ್ಷ ರೀಚಾರ್ಜ್ ಇಲ್ಲದ ಸಿಮ್ ಈಗ ಬೇರೆ ಯಾರದೋ ಜೇಬಿನಲ್ಲಿರಬಹುದು. ಆಧಾರ್ ಓಟಿಪಿ ಅವರಿಗೇ ಹೋಗುತ್ತದೆ! ನಿಮ್ಮಣ್ಣ ಖುದ್ದಾಗಿ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಹೊಸ ನಂಬರ್ ಸೇರಿಸಲಿ. ಅದಾಗದೆ ಆಧಾರ್ ಓಟಿಪಿ ಕೇಳುವ ಯಾವ ಕೆಲಸವೂ ಆಗುವುದಿಲ್ಲ. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಂತಿರುತ್ತದೆ. ಕೆವೈಸಿ ಕೊಟ್ಟರೆ ಮತ್ತೆ ಚಾಲೂ, ಅದಕ್ಕೆ ಶುಲ್ಕ ಕೇಳುವಂತಿಲ್ಲ.

ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಖುಲಾಸೆಯಾದವರಿಂದಲೂ ಕೋರ್ಟು ಒಂದು ಬಾಂಡ್ ಬರೆಸಿಕೊಳ್ಳುತ್ತದೆ. "ನಿರ್ದೋಷಿಗೆ ಯಾಕ್ರೀ ಬಾಂಡು?" ಅಂತ ಮನೆಯವರು ಗಾಬರಿಯಾಗುತ್ತಾರೆ. ಸರ್ಕಾರ ಅಪೀಲು ಹೋದರೆ ಮೇಲಿನ ಕೋರ್ಟಿಗೆ ಹಾಜರಾಗುತ್ತೇನೆ ಅನ್ನುವ ಒಪ್ಪಿಗೆ ಅದು, ಅಷ್ಟೇ. ಆರು ತಿಂಗಳು ಜಾರಿಯಲ್ಲಿರುತ್ತದೆ. ಅದಕ್ಕೆ ಮಾವನೋ ಚಿಕ್ಕಪ್ಪನೋ ಪಹಣಿ ಕೊಟ್ಟು ಜಾಮೀನು ನಿಂತಿದ್ದರೆ ಆರು ತಿಂಗಳು ಮುಗಿಯುವ ತಾರೀಖು ಬರೆದಿಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ವಕೀಲರಿಗೆ ಹೇಳಿ, ಜಾಮೀನು ಬಿಡಿಸಿಕೊಳ್ಳಲು ಅರ್ಜಿ ಹಾಕಿಸಿ.