ದೋಷಾರೋಪಣ ಪಟ್ಟಿನೇ ಇಲ್ಲದ ವಿಚಾರಣೆ: ಲ್ಯಾಟಿಮೋರ್ ಪ್ರಕರಣ

ಇಲಾಖಾ ವಿಚಾರಣೆ ಎದುರಿಸ್ತಿರೋ ಸರ್ಕಾರಿ ನೌಕರರು ಆಫೀಸಿಗೆ ಬಂದ್ರೆ ನಾನು ಮೊದಲು ಕೇಳೋದು ದೋಷಾರೋಪಣ ಪಟ್ಟಿ ಕೊಟ್ಟಿದಾರಾ, ಜೊತೆಗೆ ದಾಖಲೆಗಳ ನಕಲು ಇದೆಯಾ ಅಂತ. ಅವೆರಡೂ ಕೈಗೆ ಬರೋ ತನಕ ಒಂದು ಸಾಲನ್ನೂ ಬರೆದುಕೊಡಬೇಡಿ ಅಂತೀನಿ. 1950ರ ದಶಕದ ಶುರುವಲ್ಲಿ ಅಮೆರಿಕದ ಸೆನೆಟ್ ಸಮಿತಿಗಳು, ಸರ್ಕಾರಕ್ಕೆ ಸಲಹೆ ಕೊಡ್ತಿದ್ದವರಲ್ಲಿ ಕಮ್ಯುನಿಸ್ಟ್ ಒಲವು ಯಾರಿಗಿದೆ ಅಂತ ಹುಡುಕೋಕೆ ನಡೆಸಿದ ವಿಚಾರಣೆಗಳಲ್ಲಿ ಇಲ್ಲದೇ ಇದ್ದಿದ್ದು ಈ ಪಟ್ಟಿನೇ.

1949ರಲ್ಲಿ ಚೀನಾ ಕಮ್ಯುನಿಸ್ಟ್ ನಾಯಕ ಮಾವೋ ಕೈಗೆ ಹೋಯ್ತು, ಇದಕ್ಕೆ ನಮ್ಮವರೇ ಯಾರೋ ಕಾರಣ ಇರಬೇಕು ಅನ್ನೋ ಸಿಟ್ಟು ವಾಷಿಂಗ್ಟನ್‌ನಲ್ಲಿ ಜೋರಾಗಿತ್ತು. 1950ರ ಮಾರ್ಚ್‌ನಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಬೆರಳು ತೋರಿಸಿದ್ದು ಓವೆನ್ ಲ್ಯಾಟಿಮೋರ್ ಕಡೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ವಾಂಸ, ಮಂಗೋಲಿಯಾ ಮತ್ತೆ ಚೀನಾ ಗಡಿನಾಡು ಸುತ್ತಿದವರು, 1941ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಶಿಫಾರಸಿನ ಮೇಲೆ ಚೀನಾದ ಆಗಿನ ನಾಯಕ ಚಿಯಾಂಗ್ ಕೈ ಶೇಕ್‌ಗೆ ಸಲಹೆಗಾರರಾಗಿ ಹೋಗಿದ್ದವರು. ಇವರೇ ರಷ್ಯಾದ ದೊಡ್ಡ ಗೂಢಚಾರ ಅನ್ನೋ ಆರೋಪ ಬಂದಾಗ ಲ್ಯಾಟಿಮೋರ್ ವಿಶ್ವಸಂಸ್ಥೆ ಕೆಲಸದ ಮೇಲೆ ಅಫ್ಘಾನಿಸ್ತಾನದಲ್ಲಿದ್ರು.

ಮೆಕಾರ್ಥಿ ಆರೋಪಗಳನ್ನ ವಿಚಾರಿಸಿದ್ದು ಸೆನೆಟರ್ ಟೈಡಿಂಗ್ಸ್ ಅಧ್ಯಕ್ಷತೆಯ ಸೆನೆಟ್ ಸಮಿತಿ. ಅದರ ಎದುರು ಲ್ಯಾಟಿಮೋರ್ ವಿರುದ್ಧ ಬಂದ ಮುಖ್ಯ ಸಾಕ್ಷಿ ಲೂಯಿ ಬುಡೆನ್ಸ್, ಹಿಂದೆ ಕಮ್ಯುನಿಸ್ಟ್ ಪತ್ರಿಕೆ ಸಂಪಾದಕರಾಗಿದ್ದವರು. ಲ್ಯಾಟಿಮೋರ್ ಅವರನ್ನ ಮುಖತಃ ಕಂಡವರೇ ಅಲ್ಲ, ಪಕ್ಷದ ನಾಯಕರು ಹಾಗಂತ ಹೇಳಿದ್ರು ಅಂದ್ರು ಅಷ್ಟೆ. ನಮ್ಮ ಕೋರ್ಟಲ್ಲಿ ಇಂಥ ಕೇಳಿದ ಮಾತಿನ ಮೇಲೆ ಒಬ್ಬರ ಮಾನ ತೆಗೆಯೋಕೆ ಬಿಡಲ್ಲ. ಆ ಸಮಿತಿ ಜುಲೈನಲ್ಲಿ ಮೆಕಾರ್ಥಿ ಆರೋಪ ಬರೀ ವಂಚನೆ ಅಂತ ವರದಿ ಕೊಡ್ತು, ನವೆಂಬರ್ ಚುನಾವಣೆಯಲ್ಲಿ ಟೈಡಿಂಗ್ಸ್ ಸೋತೂ ಹೋದ್ರು.

ನಿಜವಾದ ಕಷ್ಟ ಶುರುವಾಗಿದ್ದು ಇನ್ನೊಬ್ಬ ಸೆನೆಟರ್ ಪ್ಯಾಟ್ ಮೆಕಾರನ್ ಅಧ್ಯಕ್ಷತೆಯ ಸೆನೆಟ್ ಆಂತರಿಕ ಭದ್ರತಾ ಉಪಸಮಿತಿಯಲ್ಲಿ. ಲ್ಯಾಟಿಮೋರ್ ಹಿಂದೆ ಕೆಲಸ ಮಾಡಿದ್ದ ಸಂಸ್ಥೆಯ ಹಳೇ ಕಡತಗಳನ್ನ ಮ್ಯಾಸಚೂಸೆಟ್ಸ್‌ನ ಒಂದು ಕೊಟ್ಟಿಗೆಯಿಂದ ಮೊದಲೇ ಹೊತ್ತು ತಂದು ಪೂರ್ತಿ ಜಾಲಾಡಿ ಇಟ್ಕೊಂಡಿದ್ರು. ಆಮೇಲೆ 1952ರಲ್ಲಿ 12 ದಿನ ಪ್ರಮಾಣ ಮಾಡಿಸಿ ಪ್ರಶ್ನೆ. ಪಕ್ಕದಲ್ಲೇ ವಕೀಲ ಏಬ್ ಫೋರ್ಟಸ್ ಇದ್ರು, ಆದ್ರೆ ಲ್ಯಾಟಿಮೋರ್ ಕೇಳಿದ್ರೆ ಮಾತ್ರ ಸಲಹೆ ಹೇಳಬಹುದಿತ್ತು.

ಒಂದು ಪ್ರಶ್ನೆ ನೋಡಿ. ಸೋವಿಯತ್ ರಾಯಭಾರಿ ಉಮಾನ್ಸ್ಕಿ ಜೊತೆ ಮಧ್ಯಾಹ್ನದ ಊಟ ಮಾಡಿದ್ದು ಯಾವಾಗ? ಹಿಟ್ಲರ್ ರಷ್ಯಾ ಮೇಲೆ ದಾಳಿ ಮಾಡಿದ ಮೇಲೆ ಅಂದ್ರು ಲ್ಯಾಟಿಮೋರ್. ದಾಳಿ ಆಗಿದ್ದು 1941ರ ಜೂನ್ 22, ಊಟ ಅದಕ್ಕೆ ಕೆಲವೇ ದಿನ ಮುಂಚೆ, ಅಂದ್ರೆ ಒಬ್ಬರ ಮೇಲೊಬ್ಬರು ದಾಳಿ ಮಾಡಲ್ಲ ಅನ್ನೋ ಹಿಟ್ಲರ್ ಮತ್ತೆ ಸ್ಟಾಲಿನ್ ಒಪ್ಪಂದ ಇನ್ನೂ ಜೀವಂತ ಇದ್ದಾಗ. ಹತ್ತು ವರ್ಷ ಹಳೇ ಊಟದ ತಾರೀಕು ಯಾರಿಗೆ ನೆನಪಿರತ್ತೆ ಹೇಳಿ, ಆದ್ರೆ ಆ ತಾರೀಕು ತಿಳಿಸೋ ಕಾಗದಪತ್ರ ಸಮಿತಿ ಕೈಲಿತ್ತು. ಕಾಗದ ಮೊದಲು ತೋರಿಸಿ ಆಮೇಲೆ ಕೇಳಿದ್ರೆ ಸತ್ಯ ಹೊರಗೆ ಬರತ್ತೆ, ಕಾಗದ ಮುಚ್ಚಿಟ್ಟು ಬರೀ ನೆನಪಿನ ಮೇಲೆ ಹೇಳಿಸಿದ್ರೆ ಹೊಸ ಅಪರಾಧ ಹುಟ್ಟತ್ತೆ, ಇದು ಪಾಟೀಸವಾಲು ಮಾಡೋ ಯಾವ ವಕೀಲರಿಗೂ ಗೊತ್ತಿರೋ ವಿಷಯ. 1952ರ ಡಿಸೆಂಬರ್‌ನಲ್ಲಿ ಸುಳ್ಳು ಸಾಕ್ಷಿ ಹೇಳಿದ್ರು ಅಂತ 7 ಆರೋಪ ಹೊರಿಸಿದಾಗ ಈ ಊಟವೂ ಅದರಲ್ಲಿ ಒಂದಾಗಿತ್ತು. ಗೂಢಚಾರಿಕೆ ಬಗ್ಗೆ ಒಂದೇ ಒಂದು ಆರೋಪ ಇರ್ಲಿಲ್ಲ.

ಮೊದಲ ಆರೋಪ, ತಾನು ಕಮ್ಯುನಿಸಂ ಬಗ್ಗೆ ಸಹಾನುಭೂತಿ ಉಳ್ಳವನಲ್ಲ ಅಂತ ಅವರು ಹೇಳಿದ್ದೇ ಸುಳ್ಳು ಅನ್ನೋದು. ನ್ಯಾಯಾಧೀಶ ಲೂಥರ್ ಯಂಗ್‌ಡಾಲ್ 1953ರಲ್ಲಿ ಇದು ತೀರಾ ಅಸ್ಪಷ್ಟ ಅಂತ ವಜಾ ಮಾಡಿದ್ರು, ಸರ್ಕಾರ ಮತ್ತೆ ಹೊಸದಾಗಿ ಆರೋಪ ಹೊರಿಸಿತು, ಅದನ್ನೂ 1955ರಲ್ಲಿ ವಜಾ ಮಾಡಿದ್ರು. ಕೊನೆಗೆ ಅದೇ ವರ್ಷ ಸರ್ಕಾರವೇ ಕೈಬಿಡ್ತು. ಸಹಾನುಭೂತಿ ಇಲ್ಲ ಅನ್ನೋದನ್ನ ಯಾರು ತಾನೇ ಹೇಗೆ ಸಾಬೀತು ಮಾಡೋಕಾಗತ್ತೆ!

ಚೀನಾದಲ್ಲಿ ಕೆಲಸ ಮಾಡಿದ್ದ ಅಮೆರಿಕದ ವಿದೇಶಾಂಗ ಇಲಾಖೆ ಅಧಿಕಾರಿ ಜಾನ್ ಸರ್ವಿಸ್ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಇಲಾಖೆಯ ಮಂಡಳಿ ಎಷ್ಟು ಸಲ ನಿರ್ದೋಷಿ ಅಂದ್ರೂ 1951ರ ಡಿಸೆಂಬರ್‌ನಲ್ಲಿ ನಿಷ್ಠೆ ಮೇಲೆ ಅನುಮಾನ ಅಂತ ಕೆಲಸದಿಂದ ತೆಗೆದ್ರು. 1957ರಲ್ಲಿ ಸುಪ್ರೀಂ ಕೋರ್ಟ್ ಆ ವಜಾ ಆದೇಶ ರದ್ದು ಮಾಡ್ತು, ಕಾರಣ ತಾನೇ ಮಾಡಿದ ನಿಯಮಾನ ಇಲಾಖೆ ಮುರಿದಿತ್ತು ಅನ್ನೋದು. ನಮ್ಮ ಆಡಳಿತ ನ್ಯಾಯಮಂಡಳಿ ಮುಂದೆ ನಾವು ಇವತ್ತಿಗೂ ಮಾಡೋ ವಾದ ಇದೇ. ಸರ್ವಿಸ್ ನೌಕರಿಗೆ ವಾಪಸ್ ಹೋದ್ರು, ದೊಡ್ಡ ಹುದ್ದೆ ಮಾತ್ರ ಮತ್ತೆ ಸಿಗ್ಲಿಲ್ಲ. ಲ್ಯಾಟಿಮೋರ್ 1963ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದ್ರು. ಅವರನ್ನ ಸೋವಿಯತ್ ಪಿತೂರಿಯ ಕೈಗೊಂಬೆ ಅಂದಿದ್ದ ಮೆಕಾರನ್ ಸಮಿತಿ ವರದಿ ಮೇಲೆ ಅಪೀಲು ಹಾಕೋಕೆ ಯಾವ ಕೋರ್ಟೂ ಇರ್ಲಿಲ್ಲ.