ಮೂರನೇ ಡೋಸ್ ಬಿಟ್ಟುಬಿಡಬೇಡಿ, ಮಳೆಗೂ ಕಾಯಬೇಡಿ

"ಇದಕ್ಕೆ ಇಂಜೆಕ್ಷನ್ ಆಗಿದೆ ಡಾಕ್ಟ್ರೇ, ಆದರೂ ಹೇಗೆ ಬಂತು?" ಪಾರ್ವೊ ಎನ್ನುವ ವಾಂತಿ-ಭೇದಿಯ ವೈರಸ್ ರೋಗ ಬಂದ ನಾಯಿಮರಿಯನ್ನು ಎತ್ತಿಕೊಂಡು ಬರುವವರಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಅವರು ಸುಳ್ಳು ಹೇಳುತ್ತಿಲ್ಲ. ಲಸಿಕೆ ಪುಸ್ತಕದಲ್ಲಿ ಒಂದು ಸ್ಟಿಕರ್ ಇರುತ್ತದೆ, ಕೆಲವೊಮ್ಮೆ ಎರಡು. ಮೂರನೆಯದರ ಜಾಗ ಮಾತ್ರ ಖಾಲಿ. ಮರಿ ಚೆನ್ನಾಗಿ ಆಟ ಆಡುತ್ತಿದೆ, ಮತ್ತೆ ಯಾಕೆ ಸುಮ್ನೆ ಪೇಟೆಗೆ ಹೋಗುವುದು ಎಂದು ಬಿಟ್ಟಿರುತ್ತಾರೆ.

ಆ ಖಾಲಿ ಜಾಗವೇ ಮರಿಯ ಪ್ರಾಣಕ್ಕೆ ಕುತ್ತು. ಯಾಕೆ ಎಂದು ಹೇಳುತ್ತೇನೆ. ಹುಟ್ಟಿದ ಮೊದಲ ದಿನ ಮರಿ ಕುಡಿಯುವ ಗಿಣ್ಣು ಹಾಲಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಇರುತ್ತದೆ. ಕೆಲವು ವಾರ ಅದೇ ಮರಿಯನ್ನು ಕಾಯುತ್ತದೆ. ಆದರೆ ಅದು ಮೈಯಲ್ಲಿ ಇರುವವರೆಗೆ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಲಸಿಕೆಯಲ್ಲಿ ಇರುವುದು ಬಲ ತಗ್ಗಿಸಿದ ವೈರಸ್. ತಾಯಿ ಕೊಟ್ಟ ಶಕ್ತಿ ಅದನ್ನೂ ರೋಗವೆಂದೇ ತಿಳಿದು ಅಳಿಸಿಹಾಕುತ್ತದೆ. ಮರಿಯ ಮೈ ಏನನ್ನೂ ಕಲಿಯುವುದಿಲ್ಲ. ಒಂದು ಮರಿಯಲ್ಲಿ ಈ ಶಕ್ತಿ ಎಂಟು ವಾರಕ್ಕೇ ಇಳಿದುಹೋಗಬಹುದು, ಅದೇ ಸೂಲಿನ ಇನ್ನೊಂದರಲ್ಲಿ ಹದಿನಾಲ್ಕು ವಾರವಾದರೂ ಉಳಿದಿರಬಹುದು. ನೋಡಿದರೆ ಗೊತ್ತಾಗುವುದಿಲ್ಲ.

ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ, 16 ವಾರ ತುಂಬಿದ ಮೇಲೆ ಕೊನೆಯದನ್ನು ಹಾಕುವುದು. ಹೆಚ್ಚಿನ ಮರಿಗಳಿಗೆ ಗಟ್ಟಿಯಾಗಿ ಹಿಡಿಯುವುದು ಈ ಕೊನೆಯ ಡೋಸೇ. ನಡುವೆ ಒಂದು ಕೆಟ್ಟ ಸಮಯವೂ ಇದೆ. ತಾಯಿಯ ಶಕ್ತಿ ರೋಗ ತಡೆಯುವಷ್ಟು ಇರುವುದಿಲ್ಲ, ಆದರೆ ಲಸಿಕೆಗೆ ಅಡ್ಡ ಬರುವಷ್ಟು ಇರುತ್ತದೆ. ಆ ವಾರಗಳಲ್ಲಿ ಮರಿಯನ್ನು ಸಂತೆಗೆ, ನೆಂಟರ ಮನೆಗೆ ಕರೆದುಕೊಂಡು ಹೋಗಬೇಡಿ. ಬೇರೆ ನಾಯಿಗಳು ಓಡಾಡುವ ರಸ್ತೆಯಲ್ಲಿ ನೆಲಕ್ಕೂ ಬಿಡಬೇಡಿ. ಮುಂದೆ ವರ್ಷದ ಒಳಗೆ ಒಂದು ಬೂಸ್ಟರ್ ಬೇಕು.

ಪಾರ್ವೊ ವೈರಸ್ ಹಟಮಾರಿ. ತಂಪು ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಕಾಫಿ ತೋಟದ ನೆಲ ಅಂಥದ್ದೇ ಅಲ್ವಾ? ಒಂದು ಮರಿ ಸತ್ತ ಮನೆಗೆ ಬೇಜಾರಾಗಿ ತಕ್ಷಣ ಇನ್ನೊಂದು ಮರಿ ತರುತ್ತಾರೆ, ಅದೂ ಹೋಗುತ್ತದೆ. ಫಿನಾಯಿಲ್ ಹಾಕಿ ತೊಳೆದಿದ್ದೇವೆ ಎನ್ನುತ್ತಾರೆ. ಫಿನಾಯಿಲ್ ನಂಬಿ ಕೂರಬೇಡಿ. ಮೊದಲು ಕೊಳೆಯನ್ನೆಲ್ಲ ಉಜ್ಜಿ ತೆಗೆಯಬೇಕು. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲ ಒದ್ದೆಯಾಗಿ ಇರುವಂತೆ ಬಿಡಬೇಕು. ಮಣ್ಣಿನ ನೆಲಕ್ಕೆ ಇದೂ ಸಾಲದು. ಅಂಥ ಮನೆಗೆ ಲಸಿಕೆ ಪೂರ್ತಿಯಾದ ನಾಯಿಯನ್ನೇ ತರುವುದು ಒಳ್ಳೆಯದು.

ಇನ್ನು ಮಳೆಯ ಮಾತು. ಕೊಡಗಿನಲ್ಲಿ ನಾಯಿ ಸಾಕುವವರು ಇಲಿಜ್ವರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲೆಪ್ಟೊಸ್ಪೈರಾ ಎನ್ನುವ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ಗದ್ದೆಯ ನೀರಿಗೆ, ಚರಂಡಿಗೆ, ಕೆಸರಿಗೆ ಸೇರುತ್ತದೆ. ನಾಯಿಯ ಕಾಲಿನ ಸಣ್ಣ ಗಾಯ, ಬಾಯಿ, ಕಣ್ಣಿನಿಂದ ಒಳಗೆ ಹೋಗಿ ಲಿವರ್ ಮತ್ತು ಕಿಡ್ನಿ ಹಾಳುಮಾಡುತ್ತದೆ. ಜ್ವರ, ವಾಂತಿ, ಹಳದಿ ಕಣ್ಣು, ಗಾಢ ಬಣ್ಣದ ಮೂತ್ರ ಕಂಡರೆ ನಾಳೆ ನೋಡೋಣ ಎನ್ನಬೇಡಿ. ಆ ಮೂತ್ರದಿಂದ ಮನೆಯವರಿಗೂ ಬರಬಹುದು. ಗ್ಲೌಸ್ ಇಲ್ಲದೆ ಅದನ್ನು ಒರೆಸಬೇಡಿ.

ಇದರ ಲಸಿಕೆಯ ಬಲ ಸುಮಾರು ಒಂದು ವರ್ಷ ಮಾತ್ರ. ಮೊದಲ ಸಲವಾದರೆ ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಆದ್ದರಿಂದ ನಮ್ಮ ಜಿಲ್ಲೆಯ ನಾಯಿಗಳಿಗೆ ಏಪ್ರಿಲ್, ಮೇ ತಿಂಗಳೇ ಸರಿಯಾದ ಕಾಲ. ಜೂನ್ ಮಳೆ ಹಿಡಿಯುವ ಹೊತ್ತಿಗೆ ಮೈಯಲ್ಲಿ ಶಕ್ತಿ ಬಂದಿರಬೇಕು. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಓಡಿ ಬಂದರೆ ತಡ. ಈ ಬ್ಯಾಕ್ಟೀರಿಯಾದ ಎಲ್ಲಾ ಬಗೆಗಳನ್ನು ಲಸಿಕೆ ತಡೆಯುವುದಿಲ್ಲ ಎನ್ನುವುದನ್ನೂ ತಿಳಿದಿರಿ. ಇಲಿ ಬರದಂತೆ ನಾಯಿಯ ಅನ್ನದ ತಟ್ಟೆಯನ್ನು ರಾತ್ರಿ ತೆಗೆದಿಡಿ.

ಮಳೆಗೆ ಮುಂಚೆ ಎನ್ನಲು ಇನ್ನೊಂದು ಕಾರಣ ಕರೆಂಟ್. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟ್ ಬರಲು ದಿನಗಳೇ ಬೇಕು. ಅಂಗಡಿಯಿಂದ ಬಾಟಲಿ ತಂದು, ಮನೆಯ ಫ್ರಿಡ್ಜಿನಲ್ಲಿಟ್ಟು, ತಾವೇ ಚುಚ್ಚುವವರು ಇದ್ದಾರೆ. ಕರೆಂಟ್ ಇಲ್ಲದೆ ಬೆಚ್ಚಗಾದರೆ ಅದು ಬರೀ ನೀರು. ಕೆಡಬಾರದು ಎಂದು ಫ್ರೀಜರಿನಲ್ಲಿ ಇಟ್ಟರೂ ರೇಬಿಸ್ ಲಸಿಕೆ ಹಾಳು. ನೀವು ತೋರಿಸುವ ಕ್ಲಿನಿಕ್ಕಿನಲ್ಲಿ ಕರೆಂಟ್ ಹೋದಾಗ ಏನು ಮಾಡುತ್ತೀರಿ ಎಂದು ಕೇಳಿ. ಕೇಳಿದರೆ ನಮಗೆ ಯಾರಿಗೂ ಬೇಸರವಿಲ್ಲ, ಕೇಳಬೇಕು ಕೂಡ.

ಬೆಕ್ಕುಗಳನ್ನು ಕ್ಲಿನಿಕ್ಕಿಗೆ ತರುವವರು ತೀರಾ ಕಡಿಮೆ. ಪಾರ್ವೊದ ಹತ್ತಿರದ ಸಂಬಂಧಿ ಬೆಕ್ಕುಗಳಲ್ಲೂ ಇದೆ, ಪ್ಯಾನ್‌ಲ್ಯೂಕೋಪೀನಿಯ ಎಂದು ಹೆಸರು. ಮರಿಗಳು ಒಂದೆರಡು ದಿನದಲ್ಲಿ ಸತ್ತಾಗ ಯಾರೋ ವಿಷ ಹಾಕಿದರು ಎಂದುಕೊಳ್ಳುತ್ತಾರೆ. ಇದನ್ನೂ ಶೀತದ ಎರಡು ವೈರಸ್‌ಗಳನ್ನೂ ತಡೆಯುವ ಒಂದೇ ಲಸಿಕೆ ಇದೆ. ಎಂಟು ವಾರಕ್ಕೆ ಶುರುಮಾಡಬಹುದು. ಜೊತೆಗೆ ರೇಬಿಸ್ ಲಸಿಕೆಯೂ ಬೇಕು. ಬೆಕ್ಕು ಕಚ್ಚಿದರೂ ರೇಬಿಸ್ ಬರುತ್ತದೆ.

ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಗೆ ಲಸಿಕೆ ಇಲ್ಲ. ತೋಟದ ನಾಯಿಗೆ ವರ್ಷಪೂರ್ತಿ ಉಣ್ಣೆಯ ಮಾತ್ರೆಯೋ ಹನಿಯೋ ಬೇಕು. ನಾಯಿಯ ಹನಿಯನ್ನು ಬೆಕ್ಕಿಗೆ ಎಂದಿಗೂ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಎನ್ನುವ ಕೀಟನಾಶಕ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಅಪಾಯ.

ರೇಬಿಸ್ ಬಗ್ಗೆ ಜಾಸ್ತಿ ಹೇಳಲೇಬೇಕು, ಬಂದ ಮೇಲೆ ಮದ್ದಿಲ್ಲದ ರೋಗ ಇದು. ಮರಿಗೆ ಮೂರು ತಿಂಗಳಿಗೆ ಮೊದಲ ಡೋಸ್, ಒಂದು ತಿಂಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಯಾರಿಗಾದರೂ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಸುಣ್ಣ ಏನೂ ಬೇಡ. ಸಾಕಿದ ನಾಯಿ, ಮರಿ ಎಂದು ಸುಮ್ಮನಿರಬೇಡಿ.

ಒಂದು ಊರಿನ ನಾಯಿಗಳಲ್ಲಿ 70 ಶೇಕಡಾಕ್ಕೆ ಲಸಿಕೆ ಆದರೆ ರೇಬಿಸ್ ಹರಡುವುದು ನಿಲ್ಲುತ್ತದೆ. ಬಂಗಲೆಯ ಲ್ಯಾಬ್ರಡಾರ್ ಒಂದಕ್ಕೆ ಹಾಕಿದರೆ ಆ ಲೆಕ್ಕ ತುಂಬುವುದಿಲ್ಲ. ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ನಾಯಿಗಳಿಗೂ ಬೇಕು. ತಿತಿಮತಿ, ಬಾಳೆಲೆ, ಕುಟ್ಟದ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ತೋಟ ಮುಗಿದರೆ ನಾಗರಹೊಳೆ ಕಾಡು. ರೇಬಿಸ್ ಮಾತ್ರವಲ್ಲ, ನಾಯಿಯ ಡಿಸ್ಟೆಂಪರ್ ಎನ್ನುವ ವೈರಸ್ ರೋಗವೂ ಹುಲಿ, ಚಿರತೆ, ಸೀಳುನಾಯಿಗಳಿಗೆ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವದರಲ್ಲಿ ಇದೇ ವೈರಸ್ ಸಿಕ್ಕಿತ್ತು.

ಖರ್ಚಿನ ಬಗ್ಗೆ ಮಾಲೀಕರು ಕೇಳುತ್ತಾರೆ. ರೇಬಿಸ್ ಲಸಿಕೆ ಹತ್ತು ಡೋಸಿನ ಬಾಟಲಿಯಲ್ಲೂ ಸಿಗುತ್ತದೆ, ನಾಯಿಗೊಂದಕ್ಕೆ ಕಡಿಮೆ ಬೀಳುತ್ತದೆ. ಆದರೆ ತೆರೆದ ಬಾಟಲಿಯನ್ನು ಮರುದಿನಕ್ಕೆ ಇಡುವಂತಿಲ್ಲ. ಅಕ್ಕಪಕ್ಕದ ಎರಡು ಮೂರು ತೋಟದವರು ಮಾತಾಡಿಕೊಳ್ಳಿ. ಯಾವ ಲೈನಿನಲ್ಲಿ ಎಷ್ಟು ನಾಯಿ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಬರೆಸಿ, ಮುಂಚಿತವಾಗಿ ಡಾಕ್ಟರಿಗೆ ಫೋನ್ ಮಾಡಿ. ರಜೆಯ ದಿನ ಬೆಳಿಗ್ಗೆ, ಜನ ಸಂತೆಗೆ ಹೊರಡುವ ಮುಂಚೆ ಇಟ್ಟುಕೊಂಡರೆ ಎಲ್ಲರೂ ಸಿಗುತ್ತಾರೆ. ಪ್ರತಿ ನಾಯಿಗೂ ಒಂದು ಹಗ್ಗ, ಅದು ಮಾತು ಕೇಳುವ ಒಬ್ಬರು ಜೊತೆಗಿರಲಿ. ಹೆಚ್ಚಾಗಿ ಅದು ಆ ಮನೆಯ ಮಗುವೇ ಆಗಿರುತ್ತದೆ. ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಬೇಕು.