ಪದ ಪರಿಚಯ: ಪ್ರಕ್ರಿಯಾ ಮೌಲ್ಯಮಾಪನ

ಹೆಸರು ಕೇಳಿದರೆ ಸರ್ಕಾರಿ ಸುತ್ತೋಲೆ ನೆನಪಾಗುತ್ತದೆ, ಅಲ್ವಾ? ವಿಷಯ ಅಷ್ಟೇನೂ ಕಷ್ಟದ್ದಲ್ಲ. ಮಾಡುತ್ತೇವೆ ಅಂದ ಕೆಲಸ ನಿಜಕ್ಕೂ ನಡೆಯಿತಾ, ಹೇಗೆ ನಡೆಯಿತು, ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಅಂತ ನೋಡುವುದು. ಕೊನೆಗೆ ಎಷ್ಟು ಜನರಿಗೆ ಹೃದಯಾಘಾತ ತಪ್ಪಿತು ಅನ್ನುವುದು ಬೇರೆ ಲೆಕ್ಕ. ಅದು ಫಲಿತಾಂಶದ ಮೌಲ್ಯಮಾಪನ.

ಎರಡೂ ಯಾಕೆ ಬೇಕು? ಒಂದು ಊರಿನಲ್ಲಿ ಹೃದ್ರೋಗ ತಡೆಯುವ ಕಾರ್ಯಕ್ರಮ ಐದು ವರ್ಷ ನಡೆಯಿತು ಅಂದುಕೊಳ್ಳಿ. ಬಿಪಿ ನೋಡುವುದು, ಸಿಗರೇಟು ಬಿಡಿಸುವುದು, ಉಪ್ಪು ಕಡಿಮೆ ಮಾಡಿ ಅನ್ನುವುದು, ಎಲ್ಲ ಇತ್ತು. ಕೊನೆಗೆ ನೋಡಿದರೆ ಏನೂ ಬದಲಾಗಿಲ್ಲ. ಯೋಜನೆಯೇ ತಪ್ಪಾಗಿತ್ತಾ, ಇಲ್ಲಾ ಒಳ್ಳೆ ಯೋಜನೆ ಕಾಗದದಲ್ಲೇ ಉಳಿಯಿತಾ? ಸರಿಯಾಗಿ ನಡೆಯದ ಕಾರ್ಯಕ್ರಮವನ್ನೇ ಅಳೆದು 'ಇದರಿಂದ ಪ್ರಯೋಜನವಿಲ್ಲ' ಅಂತ ತೀರ್ಪು ಕೊಡುವುದಕ್ಕೆ ಈ ಕ್ಷೇತ್ರದವರು 'ಮೂರನೇ ಬಗೆಯ ತಪ್ಪು' ಅನ್ನುತ್ತಾರೆ. ಡಬ್ಬಿಯಲ್ಲೇ ಉಳಿದ ಮಾತ್ರೆಯನ್ನು ಬೈದ ಹಾಗೆ.

ಮಾತ್ರೆಯ ಮಾತು ಸುಮ್ನೆ ಬಂದದ್ದಲ್ಲ. ಇಲ್ಲೂ 'ಡೋಸ್' ಅಂತಲೇ ಕರೆಯುತ್ತಾರೆ, ಅದರಲ್ಲೂ ಎರಡು: ಕೊಟ್ಟ ಡೋಸ್, ಜನ ತೆಗೆದುಕೊಂಡ ಡೋಸ್. ಸಾವಿರ ಕರಪತ್ರ ಹಂಚಿದ್ದು ಕೊಟ್ಟ ಡೋಸ್. ಅದನ್ನು ಓದಿ, ಬಿಪಿ ತೋರಿಸಲು ಬಂದು, ಜಾಸ್ತಿ ಇದೆ ಅಂದ ಮೇಲೆ ವೈದ್ಯರ ಹತ್ತಿರ ಹೋದವರು ಎಷ್ಟು ಅನ್ನುವುದು ಎರಡನೆಯದು. ವರದಿಗಳಲ್ಲಿ ಮೊದಲನೆಯದು ದಪ್ಪ ಅಕ್ಷರದಲ್ಲಿರುತ್ತದೆ, ಎರಡನೆಯದು ಕಾಣುವುದೇ ಅಪರೂಪ. ಎಲ್ಲ ಕಡೆ ನೂರಕ್ಕೆ ನೂರು ಗುರಿ ಮುಟ್ಟಿದೆ ಅಂತ ಬರೆದಿದ್ದರೆ ನನಗಂತೂ ಮೊದಲು ಅನುಮಾನವೇ ಬರುತ್ತದೆ.

ಇನ್ನೊಂದು, ಹೇಳಿದ ಹಾಗೆಯೇ ಮಾಡಿದರಾ ಅನ್ನುವುದು. ಐದು ನಿಮಿಷ ಕೂರಿಸಿ, ಬರಿ ತೋಳಿಗೆ ಸರಿಯಾದ ಅಳತೆಯ ಪಟ್ಟಿ ಸುತ್ತಿ, ಎರಡು ಸಲ ಬಿಪಿ ನೋಡಬೇಕು ಅಂತ ನಿಯಮ ಇರುತ್ತದೆ. ಸಾಲು ಉದ್ದವಾಯಿತು ಅಂತ ಅಂಗಿಯ ಮೇಲೇ ಒಂದು ಸಲ ನೋಡಿ ಕಳಿಸಿದರೆ ರಿಜಿಸ್ಟರ್‌ನಲ್ಲಿ ಅಂಕಿ ಇರುತ್ತದೆ, ಆದರೆ ಅದನ್ನು ನಂಬುವ ಹಾಗಿಲ್ಲ. ಇದು ಗೊತ್ತಾಗಬೇಕಾದರೆ ಯಾರಾದರೂ ಪಕ್ಕದಲ್ಲಿ ನಿಂತು ನೋಡಬೇಕು, ಕೆಲಸ ಮಾಡುವವರನ್ನು ಕೂರಿಸಿಕೊಂಡು ಮಾತಾಡಿಸಬೇಕು.

ಒಂದು ಒಳ್ಳೆಯ ಉದಾಹರಣೆ ಕೆನಡಾದ ಒಂಟಾರಿಯೋದ್ದು. 2006ರಲ್ಲಿ ಅಲ್ಲಿನ 39 ಊರುಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಆರಿಸಿದ 20 ಊರುಗಳಲ್ಲಿ ಹತ್ತು ವಾರ ಔಷಧ ಅಂಗಡಿಗಳಲ್ಲೇ 65 ದಾಟಿದವರ ಬಿಪಿ ನೋಡಿದರು. ಸಹಾಯಕ್ಕೆ ನಿಂತದ್ದು ತರಬೇತಿ ಪಡೆದ ಸ್ವಯಂಸೇವಕರು. ಆ ಊರುಗಳಲ್ಲಿ ಹೃದ್ರೋಗ, ಪಾರ್ಶ್ವವಾಯುವಿಗೆ ಆಸ್ಪತ್ರೆ ಸೇರುವುದು ಸುಮಾರು 9% ಕಡಿಮೆಯಾಯಿತು. ಇದನ್ನು ಬೇರೆ ಕಡೆ ಮಾಡಹೊರಟವರಿಗೆ 9% ಅನ್ನುವ ಅಂಕಿಯೊಂದೇ ಸಾಲದು. ಸ್ವಯಂಸೇವಕರು ಹೇಗೆ ಸಿಕ್ಕರು, ಬಿಪಿ ತೀರಾ ಜಾಸ್ತಿ ಬಂದರೆ ಯಾರಿಗೆ ಹೇಳಿದರು, ಅದು ಗೊತ್ತಿರಬೇಕು.

ಸುತ್ತಮುತ್ತ ಏನಾಗುತ್ತಿದೆ ಅನ್ನುವುದನ್ನೂ ನೋಡಬೇಕು. ಅಮೆರಿಕದ ಮಿನ್ನೆಸೋಟ ಮತ್ತು ಅದರ ನೆರೆ ರಾಜ್ಯಗಳಲ್ಲಿ 1980ರಲ್ಲಿ ಹೃದ್ರೋಗ ತಡೆಯುವ ದೊಡ್ಡ ಕಾರ್ಯಕ್ರಮ ಶುರುವಾಯಿತು. ಮೂರು ಊರಲ್ಲಿ ಕೆಲಸ, ಇನ್ನು ಮೂರು ಬರೀ ಹೋಲಿಕೆಗೆ. ಕಾರ್ಯಕ್ರಮ ಚೆನ್ನಾಗಿಯೇ ಜನರನ್ನು ಮುಟ್ಟಿತು. ಆದರೆ ಆ ಹೊತ್ತಿಗೆ ಇಡೀ ದೇಶದಲ್ಲೇ ಜನ ಬದಲಾಗುತ್ತಿದ್ದರು, ಏನೂ ಮಾಡದ ಊರುಗಳೂ ಸುಧಾರಿಸುತ್ತಿದ್ದವು. ಹಾಗಾಗಿ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣಲೇ ಇಲ್ಲ.